ದೂರದ ಲೆನ್ಸು

ಜೀರಿಗೆ ಬೆಲ್ಲದ ಫೋಟೋ ಇಲ್ಲದ ಮದುವೆ ಆಲ್ಬಮ್ಮನ್ನು ಉಪ್ಪಿಲ್ಲದ ಅಡುಗೆ ಅನ್ನುವಂತಿಲ್ಲ, ಅದು ಅನ್ನವೇ ಇಲ್ಲದ ಊಟ. ನಮ್ಮ ಬಾಪಟ್ಲದ ಕಡೆ ತಾಳಿ ಕಟ್ಟುವುದೆಲ್ಲ ಆಮೇಲಿನ ಮಾತು. ಅಂತರಪಟದ ಆಚೆ ಒಬ್ಬರು ಈಚೆ ಒಬ್ಬರು ಕೂತು, ಒಬ್ಬರ ನೆತ್ತಿಗೊಬ್ಬರು ಜೀರಿಗೆ ಬೆಲ್ಲ ಒತ್ತುವ ಆ ಅರ್ಧ ನಿಮಿಷವೇ ಮುಹೂರ್ತ. ಈ ಸಲದ ಮದುವೆಯ ಆ ಅರ್ಧ ನಿಮಿಷದಲ್ಲಿ ಝಾನ್ಸಿ ಹನ್ನೊಂದು ಫೋಟೋ ತೆಗೆದಿದ್ದಳು. ಹನ್ನೊಂದರಲ್ಲೂ ಜನರ ಬೆನ್ನೇ ಇತ್ತು.

ಮದುಮಗಳ ತಂದೆ ಬೆಳಿಗ್ಗೆ ಎಂಟಕ್ಕೇ ಸ್ಟುಡಿಯೋಗೆ ಬಂದು, ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂತು ಒಂದೊಂದಾಗಿ ನೋಡಿದ.

"ಇದು ನಮ್ಮ ಭಾವಮೈದನ ಬೆನ್ನು. ಇದೂ ಅವನದೇ. ಇದು ಯಾರದು ಗೊತ್ತಾಗ್ತಿಲ್ಲ, ಬೆವರು ನೋಡಿದ್ರೆ ಅಡುಗೆಯವನಿರಬೇಕು," ಎಂದ. ಆಮೇಲೆ ಝಾನ್ಸಿಯ ಕಡೆ ತಿರುಗಿ, "ಅಮ್ಮಾ, ನನ್ನ ಮಗಳ ಮದುವೆ ಒಂದೇ ಸಲ ಆಗೋದು. ಅವಳ ತಲೆ ಮೇಲೆ ಅವನ ಕೈ ಇರೋದು ಒಂದಾದ್ರೂ ಇದೆಯಾ?" ಎಂದು ಕೇಳಿದ.

"ಇಲ್ಲ," ಎಂದಳು ಝಾನ್ಸಿ.

"ಯಾಕಿಲ್ಲ?"

ಯಾಕಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಝಾನ್ಸಿ ಮಂಟಪದ ಮೇಲೆ, ಪುರೋಹಿತರ ಪಕ್ಕದಲ್ಲೇ ಜಾಗ ಹಿಡಿದು ಕೂತಿದ್ದಳು. ಗಂಡಿನ ದೊಡ್ಡಮ್ಮ ಬಂದು ಮೊಣಕೈ ಹಿಡಿದಳು. ಕೂಗಾಡಲಿಲ್ಲ, ರೇಗಲಿಲ್ಲ. "ಹಣೆಯಲ್ಲಿ ಕುಂಕುಮ ಇಲ್ಲದೋರು ಈ ಹೊತ್ತಲ್ಲಿ ಇಲ್ಲಿರಬಾರದು ತಾಯಿ, ಕೆಳಗಿಂದ ತೆಗೀರಿ," ಎಂದು ಕಿವಿಯ ಹತ್ತಿರ ಹೇಳಿದಳು. ಝಾನ್ಸಿ ಕೆಳಗಿಳಿದಳು. ಕ್ಯಾಮೆರಾ ಕೊಂಡಾಗ ಜೊತೆಗೇ ಬಂದಿದ್ದ ಲೆನ್ಸು ಅದರಲ್ಲಿದ್ದದ್ದು. ಕಣ್ಣಿಗೆ ಕಂಡಷ್ಟೇ ಅದಕ್ಕೂ ಕಾಣುತ್ತದೆ. ಕೆಳಗಿನಿಂದ ಅವಳ ಕಣ್ಣಿಗೆ ಕಂಡದ್ದು ಬೆನ್ನುಗಳು, ಲೆನ್ಸಿಗೆ ಕಂಡದ್ದೂ ಅವೇ.

"ಅರ್ಧ ದುಡ್ಡು ಕೊಡ್ತೀನಿ," ಎಂದು ಅವನು ಎದ್ದ. ಬಾಗಿಲಲ್ಲಿ ನಿಂತು, "ಅಂಜಿ ಇದ್ದಿದ್ರೆ ಹೀಗಾಗ್ತಿರಲಿಲ್ಲ," ಎಂದ. ಇದ್ದಿದ್ದರೆ ಏನೇನೋ ಆಗುತ್ತಿರಲಿಲ್ಲ.

ಅಂಜಿ, ಎಂದರೆ ಝಾನ್ಸಿಯ ಗಂಡ ಆಂಜನೇಯುಲು, ಹೋಗಿ ಹದಿನಾಲ್ಕು ತಿಂಗಳು. ಒಂದೇ ವಾರದ ಜ್ವರ. ಅವನ ಒಳ್ಳೆಯ ಲೆನ್ಸುಗಳೆರಡೂ ಆ ವಾರವೇ ಆಸ್ಪತ್ರೆಗೆಂದು ಮಾರಾಟವಾಗಿದ್ದವು. ಅವನಿದ್ದಾಗ ಒಂಬತ್ತು ವರ್ಷ ಝಾನ್ಸಿ ಸ್ಟುಡಿಯೋದಲ್ಲಿ ಕೂತು ಆಲ್ಬಮ್ ಜೋಡಿಸುತ್ತಿದ್ದಳು. ದೊಡ್ಡ ಮದುವೆಯಾದರೆ ಮದುಮಗಳ ಕೋಣೆಯ ಫೋಟೋಗಳನ್ನೂ ಅವಳೇ ತೆಗೆಯುತ್ತಿದ್ದಳು. ಗಂಡನ ಕೈ ಎಲ್ಲಿ ನಡುಗುತ್ತಿತ್ತು, ಎಲ್ಲಿ ಅವನು ಆತುರಪಡುತ್ತಿದ್ದ ಎಂಬುದು ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ವರ್ಷದ ತಿಥಿ ಮುಗಿದ ಮೇಲೆ ಕ್ಯಾಮೆರಾ ಕೈಗೆ ತೆಗೆದುಕೊಂಡಳು. ದುಃಖ ಕಡಿಮೆಯಾಗಿತ್ತು ಎಂದಲ್ಲ. ದುಃಖವೂ ಇರಲಿಲ್ಲ, ಬೇರೆ ಏನೂ ಇರಲಿಲ್ಲ. ಬೆಳಿಗ್ಗೆ ಏಳುವುದು, ಇಡ್ಲಿ ಬೇಯಿಸುವುದು, ಮಗಳ ಜಡೆ ಹಾಕುವುದು, ಕ್ಯಾಮೆರಾ ಹೆಗಲಿಗೆ ಹಾಕಿಕೊಳ್ಳುವುದು ಎಲ್ಲ ಒಂದೇ ಸಮನೆ ನಡೆಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಪುಂಡಿಸೊಪ್ಪಿನ ಬೇಳೆ, ಒಣ ಸಿಗಡಿ ಹುರಿದದ್ದು. ಅತ್ತೆ ಸುಬ್ಬಾಯಮ್ಮ ಬಡಿಸುತ್ತಾ, "ಏನಂದ ಅವನು?" ಎಂದು ಕೇಳಿದಳು.

"ಅರ್ಧ ಕೊಡ್ತಾನಂತೆ ಅತ್ತಯ್ಯ."

"ಅರ್ಧನಾ? ಊಟ ಪೂರ್ತಿ ಹಾಕಿದ್ನಾ, ಅದೂ ಅರ್ಧನೇನಾ?"

ಮಾವ ಕೋಟಯ್ಯ ಸ್ಟುಡಿಯೋ ಕಟ್ಟಿದವನು. ಎಪ್ಪತ್ತೊಂದು ವಯಸ್ಸು, ಒಂದು ಕಣ್ಣಿಗೆ ಪೊರೆ. ಅನ್ನ ಕಲಸುತ್ತಾ ತನ್ನ ಹಳೇ ರಾಗ ತೆಗೆದ. "ನಲವತ್ತು ವರ್ಷ ಫೋಟೋ ಹೊಡೆದೋನು ನಾನು. ಮುಖ ಬೇಕಾ? ಮುಖದ ಹತ್ತಿರ ಹೋಗು. ಅಷ್ಟೇ ವಿದ್ಯೆ."

"ಹೋಗಿದ್ಳಲ್ಲ. ಇಳಿಸಿದ್ರಲ್ಲ," ಎಂದಳು ಸುಬ್ಬಾಯಮ್ಮ.

"ಇಳಿಸಿದೋಳಿಗೆ ನಾಲ್ಕು ಬಿಟ್ಟು ಬರಬೇಕಿತ್ತು."

"ಬಿಟ್ಟು ಬರ್ಲಿ. ಮುಂದಿನ ಮದುವೆಗೆ ಕರೆಯೋರು ಯಾರು? ನಿಮ್ಮಪ್ಪ ಎದ್ದು ಬರ್ತಾನಾ?"

ಕೋಟಯ್ಯ ಇನ್ನೊಂದು ಸಿಗಡಿ ಬಾಯಿಗೆ ಹಾಕಿಕೊಂಡ. "ಒಂದು ಸ್ಟಿಕ್ಕರ್ ಬೊಟ್ಟು ಇಟ್ಕೊಂಡು ಹೋದ್ರಾಯ್ತಪ್ಪ. ಯಾರಿಗ್ಗೊತ್ತಾಗುತ್ತೆ?"

"ಯಾರಿಗ್ಗೊತ್ತಾಗುತ್ತಾ?" ಸುಬ್ಬಾಯಮ್ಮ ಸೌಟು ಹಿಡಿದೇ ಸೊಂಟದ ಮೇಲೆ ಕೈಯಿಟ್ಟಳು. "ಗಡಿಯಾರದ ಕಂಬದಿಂದ ರೈಲ್ವೆ ಗೇಟಿನ ತನಕ ಹದಿನಾರು ಕಡೆ ಮಗನ ಫ್ಲೆಕ್ಸ್ ಕಟ್ಟಿಸಿದ್ದು ಯಾರ್ರೀ? ಅಶ್ರುತರ್ಪಣ ಅಂತ ಮೇಲೆ, ಕೆಳಗೆ ಇವಳ ಮುಖ, ಮುಖದಡಿ ದುಃಖತಪ್ತ ಪತ್ನಿ ಅಂತ! ಇಡೀ ಊರು ಓದಿದೆ. ಈಗ ಬೊಟ್ಟಂತೆ ಬೊಟ್ಟು."

ಆ ಫ್ಲೆಕ್ಸನ್ನು ಕಂಪ್ಯೂಟರಿನಲ್ಲಿ ಮಾಡಿದವಳು ಝಾನ್ಸಿಯೇ. ಮನೆಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಹೆಣ ಇನ್ನೂ ಹೊರಗಿರುವಾಗ, ಅಕ್ಷರದ ಬಣ್ಣ ಹಳದಿ ಇರಲೋ ಬಿಳಿ ಇರಲೋ ಎಂದು ಯಾರೋ ಕೇಳಿದ್ದರು. ಬಿಳಿ ಎಂದಿದ್ದಳು.

"ಉದ್ದ ಲೆನ್ಸ್ ಬರುತ್ತಲ್ಲ, ಅಂಜಿ ಹತ್ತಿರ ಇತ್ತಲ್ಲ, ಕೊಳವೆ ಥರದ್ದು. ಅದಿದ್ರೆ ಹಾಲ್‌ನ ಕೊನೇಲಿ ನಿಂತೂ ತೆಗೀಬಹುದು ತಾನೆ?" ಎಂದು ಸುಬ್ಬಾಯಮ್ಮ ಕೇಳಿದಳು.

"ತೆಗೀಬಹುದು ಅತ್ತಯ್ಯ."

"ಹಾಗಾದ್ರೆ ಅದೇ ತಗೋ. ನನ್ನ ಚೀಟಿ ದುಡ್ಡು ಹನ್ನೆರಡು ಸಾವಿರ ಬರುತ್ತೆ ಹದಿನೈದನೇ ತಾರೀಖಿಗೆ. ಯಾರ ಕಣ್ಣಿಗೂ ಬೀಳಲ್ಲ, ಯಾರೂ ಏನೂ ಅನ್ನಲ್ಲ."

"ಥೂ!" ಎಂದ ಕೋಟಯ್ಯ. "ಕಳ್ಳರ ಥರ ಮರೇಲಿ ನಿಂತು ತೆಗೆಯೋದು ಫೋಟೋನಾ? ಅಮ್ಮಾಯಿ, ನಿನ್ನ ಕೈ ಮುಖಕ್ಕೆ ಒಗ್ಗಿದ ಕೈ. ಮದುಮಗಳ ಕೋಣೇಲಿ ನೀನು ತೆಗೀತಿದ್ಯಲ್ಲ, ಅಂಜಿಗೇ ಬರ್ತಿರಲಿಲ್ಲ ಅದು. ನೀನು ಹತ್ತಿರದ ಲೆನ್ಸ್ ತಗೋ. ಫಿಫ್ಟಿ ಎಂಎಂದು."

"ದುಡ್ಡು ನಿಮ್ಮದಾ?" ಎಂದಳು ಸುಬ್ಬಾಯಮ್ಮ.

"ನನ್ನ ಹತ್ತಿರ ಎಲ್ಲಿಂದ ಬರ್ಬೇಕು?"

"ಮತ್ತೆ ಸುಮ್ಮನೆ ಮಜ್ಜಿಗೆ ಹಾಕಿಸ್ಕೊಳ್ಳಿ."

ಝಾನ್ಸಿ ತಟ್ಟೆ ಎತ್ತಿಕೊಂಡು ಎದ್ದಳು. ತನಗೆ ಯಾವುದು ಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಯಾವುದೂ ಬೇಕಿರಲಿಲ್ಲ.

ಮರುವಾರವೇ ಇನ್ನೊಂದು ಮದುವೆ. ಲೆನ್ಸಿಗೆ ಚೀಟಿ ದುಡ್ಡು ಇನ್ನೂ ಬಂದಿರಲಿಲ್ಲ. ಕೋಟಯ್ಯ ಎದೆಯುಬ್ಬಿಸಿ, "ಮುಹೂರ್ತದ ಹೊತ್ತಿಗೆ ನಾನು ಹತ್ತುತ್ತೀನಿ. ಗಂಡಸು, ಮುದುಕ, ಪುರೋಹಿತರಿಗೂ ಪರಿಚಯ. ಯಾರಪ್ಪ ಇಳಿಸ್ತಾನೆ ನೋಡ್ತೀನಿ," ಎಂದ. ಒಗೆದ ಪಂಚೆ ಉಟ್ಟು, ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಮಂಟಪ ಏರಿದ. ಝಾನ್ಸಿ ಊಟದ ಹಾಲ್‌ನ ಕಡೆ ನಿಂತಿದ್ದಳು. ಮೇಳದವರು ಜೋರಾಗಿ ಬಾರಿಸಿದರು, ಅಂತರಪಟ ಸರಿಯಿತು, ಜನರೆಲ್ಲ ಅಕ್ಷತೆ ಎರಚಿದರು.

ಇಳಿದು ಬಂದ ಮಾವನ ಮುಖ ಅರಳಿತ್ತು. ಝಾನ್ಸಿ ಕ್ಯಾಮೆರಾ ತೆಗೆದುಕೊಂಡು ನೋಡಿದಳು. ಹಿಂದೆ ಒತ್ತಿದಳು, ಮುಂದೆ ಒತ್ತಿದಳು.

"ಮಾವಯ್ಯ, ಒಂದೇ ಇದೆ."

"ಒಂದೇ ಹೊಡೆದೆ. ಸರಿಯಾದ ಗಳಿಗೆ ನೋಡಿ ಹೊಡೆದೆ. ಉಳಿದ ರೀಲು ಊಟಕ್ಕೆ, ಹೆಣ್ಣು ಒಪ್ಪಿಸೋ ಅಪ್ಪಗಿಂತಿಗೆ ಬೇಕಲ್ಲ?"

ನಲವತ್ತು ವರ್ಷ ಮೂವತ್ತಾರು ಫೋಟೋಗಳ ರೀಲನ್ನು ಎಣಿಸಿಕೊಂಡು ಬದುಕಿದ ಮನುಷ್ಯ. ಈ ಕ್ಯಾಮೆರಾದಲ್ಲಿ ರೀಲೇ ಇಲ್ಲ, ಸಾವಿರ ಹೊಡೆದರೂ ತುಂಬುವುದಿಲ್ಲ ಎಂಬುದು ಅವನ ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಆ ಒಂದು ಫೋಟೋದಲ್ಲಿ ಪುರೋಹಿತರ ಮೊಣಕೈ ಎಷ್ಟು ಸ್ಪಷ್ಟವಾಗಿತ್ತೆಂದರೆ ಕೂದಲು ಎಣಿಸಬಹುದಿತ್ತು. ಅದರ ಹಿಂದೆ ಎಲ್ಲೋ ಮಂಜಿನಲ್ಲಿ ಮದುಮಕ್ಕಳಿದ್ದರು.

ಮನೆಯಲ್ಲಿ ಸುಬ್ಬಾಯಮ್ಮ ಆ ಫೋಟೋ ನೋಡಿ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಕೋಟಯ್ಯ ಎರಡು ದಿನ ಸ್ಟುಡಿಯೋ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಪೆಸರಟ್ಟು ತಿನ್ನುವಾಗ, ತಟ್ಟೆ ನೋಡುತ್ತಲೇ, "ನಿಮ್ಮತ್ತೆ ಹೇಳಿದ್ದನ್ನೇ ತಗೊಂಬಿಡು ಅಮ್ಮಾಯಿ," ಎಂದ.

ಹದಿನಾರನೆಯ ತಾರೀಖು ಝಾನ್ಸಿ ಮಗಳು ಹಾಸಿನಿಯನ್ನು ಕರೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಗುಂಟೂರಿಗೆ ಹೋದಳು. ಹಾಸಿನಿಗೆ ಹನ್ನೊಂದು, ಬಾಯಿ ಸುಮ್ಮನಿರುವುದಿಲ್ಲ. ದಾರಿಯುದ್ದಕ್ಕೂ ಮೊದಲ ಸಲ ದಾವಣಿ ಹೊದಿಸುವ ತನ್ನ ಲಂಗ ದಾವಣಿ ಶಾಸ್ತ್ರದ ಮಾತೇ ಮಾತು. ಹನ್ನೊಂದು ಬೆಸ ವರ್ಷ, ಹನ್ನೆರಡು ತುಂಬುವುದರೊಳಗೆ ಮಾಡಿ ಮುಗಿಸಬೇಕೆಂದು ಅಜ್ಜಿ ಫಾಲ್ಗುಣದಲ್ಲಿ ದಿನ ನೋಡಿಸಿದ್ದಳು. ಸೋದರಮಾವ ಏಡುಕೊಂಡಲು ಚೀರಾಲದಿಂದ ರೇಷ್ಮೆ ದಾವಣಿ ತರುವವನಿದ್ದ.

"ಅಮ್ಮಾ, ಬಣ್ಣ ಯಾವುದಂತೆ?"

"ಗೊತ್ತಿಲ್ಲ."

"ಕೇಳು ಮತ್ತೆ ಫೋನ್ ಮಾಡಿ."

"ಕೇಳ್ತೀನಿ."

"ಹೀಗೇ ಹೇಳ್ತೀಯ ನೀನು. ಕೇಳಲ್ಲ."

ಅಂಗಡಿಯ ಮಸ್ತಾನ್ ಭಾಯ್ ಅಂಜಿಯ ಹಳೇ ಪರಿಚಯ. ಹಳೇ ಲೆನ್ಸು ಕೊಳ್ಳುವುದು, ಒರೆಸಿ ಮಾರುವುದು ಅವನ ವ್ಯಾಪಾರ. ಝಾನ್ಸಿಯನ್ನು ನೋಡಿ ಎದ್ದು ನಿಂತ. "ಬಾ ತಂಗಿ. ನಿಮ್ಮ ಯಜಮಾನ್ರು ಬಂದ್ರೆ ಒಂದು ಗಂಟೆ ಎಲ್ಲಾ ಲೆನ್ಸೂ ಮುಟ್ಟಿ ನೋಡಿ, ಕೊನೆಗೆ ಒಂದು ಬ್ಯಾಟರಿ ತಗೊಂಡು ಹೋಗ್ತಿದ್ರು. ನೀನು ಏನು ನೋಡ್ತೀಯ?"

"ಹನ್ನೆರಡು ಸಾವಿರದೊಳಗೆ."

ಎರಡು ತಂದು ಮುಂದಿಟ್ಟ. ಒಂದು ಅಂಗೈಯಲ್ಲಿ ಹಿಡಿಸುವಷ್ಟು ಗಿಡ್ಡ. ಅದೇ ಫಿಫ್ಟಿ, ಒಂಬತ್ತು ಸಾವಿರ. ಇನ್ನೊಂದು ಉದ್ದನೆಯದು, ಬಳಸಿದ್ದು, ಹೊರಗೆ ಗೀರು ಬಿದ್ದಿತ್ತು, ಗಾಜು ಚೊಕ್ಕವಾಗಿತ್ತು. ಹನ್ನೊಂದೂವರೆ.

"ಎರಡೂ ಹಾಕಿ ನೋಡು. ನೋಡೋಕೆ ದುಡ್ಡಿಲ್ಲ."

ಝಾನ್ಸಿ ಮೊದಲು ಗಿಡ್ಡನೆಯದನ್ನು ಹಾಕಿದಳು. ಹಾಸಿನಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಉಪ್ಪುಕಾರ ಹಚ್ಚಿದ ಸೀಬೆಕಾಯಿ ಕಚ್ಚುತ್ತಿದ್ದಳು. ಝಾನ್ಸಿ ಅವಳ ಮುಂದೆ ಮೊಣಕಾಲೂರಿ ಕೂತಳು. ತೀರಾ ಹತ್ತಿರ, ಹುಡುಗಿಯ ಬಾಯಿಯ ಸೀಬೆಯ ವಾಸನೆ ಬರುವಷ್ಟು. ಒತ್ತಿದಳು. ಹಿಂದಿನ ಬೀದಿ, ಆಟೋ, ಜನ ಎಲ್ಲ ಕರಗಿಹೋಗಿ ಮಗಳ ಮುಖವೊಂದೇ ಉಳಿದಿತ್ತು. ತುಟಿಯ ಅಂಚಿನಲ್ಲಿ ಎರಡು ಹರಳು ಉಪ್ಪು. ಎಡಗಣ್ಣಿನ ರೆಪ್ಪೆಯ ಕೂದಲೊಂದು ಮೇಲಕ್ಕೆ ಮಡಚಿಕೊಂಡಿತ್ತು. ಅಂಜಿಯದೂ ಹಾಗೇ ಇತ್ತು. ಮಗಳಿಗೂ ಅದು ಬಂದಿದೆ ಎಂದು ಹನ್ನೊಂದು ವರ್ಷದಲ್ಲಿ ಅವಳು ಕಂಡಿರಲಿಲ್ಲ.

ಅವಳಿಗೆ ಆ ಲೆನ್ಸು ಬೇಕೆನಿಸಿತು. ಹಸಿವಾದಾಗ ಅನ್ನ ಬೇಕೆನಿಸುವ ಹಾಗೆ, ಹೊಟ್ಟೆಯಿಂದಲೇ ಬೇಕೆನಿಸಿತು. ಹದಿನಾಲ್ಕು ತಿಂಗಳಲ್ಲಿ ಅವಳಿಗೆ ಏನಾದರೊಂದು ಬೇಕೆನಿಸಿದ್ದು ಅದೇ ಮೊದಲು. ಅವಳಿಗೆ ಹೆದರಿಕೆಯಾಯಿತು.

ಹಾಸಿನಿ ಇಣುಕಿ ನೋಡಿ, "ಅಯ್ಯೋ ಅಮ್ಮಾ, ನಾನು ಎಷ್ಟು ಚೆನ್ನಾಗಿದೀನಿ! ಇದನ್ನೇ ತಗೋ," ಎಂದಳು.

"ಚೆನ್ನಾಗೇ ಇದೀಯ. ಮದುವೆಯವರು ನಿನ್ನ ಮುಖ ಕೇಳ್ತಾರಾ?"

ಮಸ್ತಾನ್ ಭಾಯ್ ಫೋಟೋ ನೋಡಿ ತಲೆದೂಗಿದ. "ಕೈ ಇದೆ ನಿನಗೆ. ಈಗ ಒಂದು ಮಾತು ಹೇಳು. ಮದುವೇಲಿ ನೀನು ಎಲ್ಲಿ ನಿಂತ್ಕೊಂಡು ತೆಗೀತೀಯ?"

ಗಂಡನಿಲ್ಲದವಳನ್ನು ಎಲ್ಲಿ ನಿಲ್ಲಿಸುತ್ತಾರೆಂಬುದು ಅವನಿಗೆ ಗೊತ್ತಿತ್ತು, ಅವನಿಗೂ ಮನೆಯಲ್ಲಿ ಅಕ್ಕತಂಗಿಯರಿದ್ದರು. ಬೇರೆಲ್ಲೋ ನೋಡುತ್ತಲೇ ಕೇಳಿದ.

"ಕೆಳಗೆ. ಕುರ್ಚಿಗಳ ಹಿಂದೆ," ಎಂದಳು ಝಾನ್ಸಿ.

"ಹಾಗಿದ್ರೆ ಇದು ನಿನಗೆ ದಂಡ. ಸುಳ್ಳು ಹೇಳಿ ನಾನು ಮಾರಲ್ಲ." ಗಿಡ್ಡನೆಯದನ್ನು ತಾನೇ ಬಿಚ್ಚಿ ಉದ್ದನೆಯದನ್ನು ಹಾಕಿಕೊಟ್ಟ. "ಕೈ ಅಲ್ಲಾಡಿದ್ರೆ ಫೋಟೋ ಕೆಡುತ್ತೆ. ಉಸಿರು ಬಿಗಿಹಿಡಿದು ಒತ್ತು. ಅಷ್ಟೇ."

ಉಸಿರು ಬಿಗಿಹಿಡಿಯುವುದು ಅವಳಿಗೆ ಕಷ್ಟವೆನಿಸಲಿಲ್ಲ. ಬೀದಿಯ ಆಚೆ ತುದಿಯಲ್ಲಿ ಕಬ್ಬಿನಹಾಲು ತೆಗೆಯುವವನ ಮುಖ ಕಣ್ಣೆದುರಿಗೇ ಬಂದು ನಿಂತಿತು. ಅವನಿಗೆ ಇದು ಗೊತ್ತೇ ಆಗಲಿಲ್ಲ. ಝಾನ್ಸಿ ದುಡ್ಡು ಎಣಿಸಿ ಕೊಟ್ಟಳು. ವಾಪಸು ಬರುವಾಗ ಹಾಸಿನಿ ಸಿಟ್ಟಿನಿಂದ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಅತ್ತೆ ಹೇಳಿದ್ದೇ ಸರಿಯಾಯಿತು, ಸುಳ್ಳೇಕೆ ಹೇಳಬೇಕು? ಮಾಘ ಮುಗಿಯುವುದರೊಳಗೆ ಐದು ಮದುವೆ. ಐದರಲ್ಲೂ ಜೀರಿಗೆ ಬೆಲ್ಲ ಬಂತು. ಝಾನ್ಸಿ ಹಾಲ್‌ನ ಕೊನೆಯಲ್ಲಿ, ಐಸ್‌ಕ್ರೀಮ್ ಡಬ್ಬಗಳ ಪಕ್ಕದಲ್ಲೋ ಚಪ್ಪಲಿಗಳ ರಾಶಿಯ ಹತ್ತಿರವೋ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅದರ ಮೇಲೆ ಹತ್ತಿ ನಿಲ್ಲುತ್ತಿದ್ದಳು. ತಲೆಗಳ ಮೇಲಿನಿಂದ ಲೆನ್ಸು ಎಲ್ಲವನ್ನೂ ಎಳೆದು ತರುತ್ತಿತ್ತು. ಮದುಮಗಳ ಕಣ್ಣಂಚಿನ ನೀರು, ತಾಯಿಯ ಗಂಟಲು ಉಬ್ಬುವುದು, ಗಂಡಿನ ದೊಡ್ಡಪ್ಪ ಕದ್ದು ಆಕಳಿಸುವುದು, ಎಲ್ಲ ಬರುತ್ತಿತ್ತು. ಯಾರೂ ಕ್ಯಾಮೆರಾ ನೋಡಿ ಬಿಗಿಯಾಗುತ್ತಿರಲಿಲ್ಲ, ಯಾಕೆಂದರೆ ಯಾರಿಗೂ ಕ್ಯಾಮೆರಾ ಕಾಣುತ್ತಿರಲಿಲ್ಲ.

"ನೀವೆಲ್ಲಿದ್ರಮ್ಮ? ನಾವು ನೋಡೇ ಇಲ್ಲ ನಿಮ್ಮನ್ನ!" ಎಂದು ಆಲ್ಬಮ್ ನೋಡಿದವರು ಬೆರಗಾಗುತ್ತಿದ್ದರು.

"ಅಲ್ಲೇ ಇದ್ದೆ," ಎನ್ನುತ್ತಿದ್ದಳು ಝಾನ್ಸಿ.

ಕರೆಯುವವರು ಹೆಚ್ಚಾದರು. ಮೊದಲು ಅರ್ಧ ದುಡ್ಡು ಕೊಟ್ಟವನೇ ತನ್ನ ತಮ್ಮನ ಮಗನ ಮದುವೆಗೆ ಹೇಳಿ ಹೋದ. ಮನೆಗೆ ಮತ್ತೆ ಮೀನು ಬರತೊಡಗಿತು. ಸುಬ್ಬಾಯಮ್ಮ ಬೀದಿಯಲ್ಲಿ, "ನಮ್ಮ ಸೊಸೆ ಮೆಷಿನ್ನು ಆ ತುದೀಲಿಟ್ರೆ ಈ ತುದೀದು ಬರುತ್ತೆ," ಎಂದು ಹೇಳಿಕೊಂಡು ತಿರುಗಿದಳು. ಕೋಟಯ್ಯ ಮಾತ್ರ ಒಂದು ಸಂಜೆ ಆಲ್ಬಮ್ಮಿನ ಹಾಳೆಗಳನ್ನು ಕನ್ನಡಕ ಏರಿಸಿ ಇಳಿಸಿ ನೋಡಿದವನು, "ಎಲ್ಲಾ ಚೆನ್ನಾಗಿದೆ," ಎಂದ.

"ಮತ್ತೇನು ಮುಖ ಸಣ್ಣದು ಮಾಡ್ತೀರಿ?" ಎಂದಳು ಸುಬ್ಬಾಯಮ್ಮ.

"ಒಬ್ಬರೂ ಇವಳನ್ನ ನೋಡ್ತಿಲ್ಲ ಕಣೇ ಈ ಫೋಟೋಗಳಲ್ಲಿ. ನಾನು ತೆಗೆದ್ರೆ ಜನ ನನ್ನ ಕಡೆ ನೋಡಿ ನಗೋರು."

"ನಿಮ್ಮ ಮೂತಿ ನೋಡಿ ನಗೋರು."

ಝಾನ್ಸಿ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಎದುರುಮನೆಯಲ್ಲಿ ತೊಟ್ಟಿಲು ಶಾಸ್ತ್ರವಾದಾಗ ಅವರು ಬಾ ಬಾ ಎಂದು ಕರೆದರೂ ಅವಳು ಗೇಟಿನ ಹತ್ತಿರವೇ ನಿಂತು ಮಗು ಚೆನ್ನಾಗಿದೆ ಎಂದು ಹೇಳಿ ಬಂದಳು. ಸುಬ್ಬಾಯಮ್ಮ ಅದನ್ನು ನೋಡಿದಳು. ಒಳಗೆ ಬಂದ ಮೇಲೆ, "ಮಗು ಮುಖ ನೋಡಿದ್ಯಾ?" ಎಂದು ಕೇಳಿದಳು.

"ನೋಡಿದೆ."

"ಗೇಟಿಂದ ಏನು ಕಾಣುತ್ತೆ?"

"ಕಾಣುತ್ತೆ ಅತ್ತಯ್ಯ."

ಫಾಲ್ಗುಣದ ಮೊದಲ ವಾರದಲ್ಲಿ ದಾವಣಿ ಶಾಸ್ತ್ರದ ತಯಾರಿ ಶುರುವಾಯಿತು. ಅರಿಸೆಲು, ಎಂದರೆ ಕಜ್ಜಾಯ, ಮಾಡಲು ಅಕ್ಕಿ ನೆನೆಹಾಕಿದರು. ನೆನೆದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವುತ್ತಾ ಸುಬ್ಬಾಯಮ್ಮ ಯಾರು ಯಾರು ಏನೇನು ಮಾಡಬೇಕೆಂದು ಲೆಕ್ಕ ಒಪ್ಪಿಸುತ್ತಿದ್ದಳು. ದಾವಣಿ ಹೊದಿಸುವುದು ಸೋದರಮಾವನ ಹೆಂಡತಿ, ಆರತಿ ಎತ್ತುವುದು ತಾನು, ಅಕ್ಷತೆ ಹಾಕುವುದು ಐದು ಜನ ಮುತ್ತೈದೆಯರು.

"ಅಮ್ಮ ಏನು ಮಾಡ್ತಾಳೆ?" ಎಂದಳು ಹಾಸಿನಿ.

"ಅಮ್ಮ ಫೋಟೋ ತೆಗೀತಾಳೆ."

"ನನಗೆ ಅಕ್ಷತೆ ಹಾಕಲ್ವಾ?"

ಸುಬ್ಬಾಯಮ್ಮನ ಕೈ ಅಕ್ಕಿಯಲ್ಲೇ ನಿಂತಿತು. "ಶಾಸ್ತ್ರ ಅಂತ ಒಂದಿರುತ್ತೆ ಪುಟ್ಟ."

"ಅಮ್ಮ ಹಾಕದಿದ್ರೆ ನಾನು ಮಣೆ ಮೇಲೆ ಕೂರಲ್ಲ. ಮಾವನಿಗೆ ಹೇಳಿ ದಾವಣಿ ವಾಪಸ್ ತಗೊಂಡು ಹೋಗು ಅಂತೀನಿ."

"ಬಾಯಿ ನೋಡು! ಥೇಟ್ ನಿಮ್ಮಪ್ಪನೇ!"

"ಹೌದು, ನಮ್ಮಪ್ಪನೇ. ನಮ್ಮಪ್ಪ ಇದ್ದಿದ್ರೆ ನಿನ್ನ ಮಾತು ಕೇಳ್ತಿರಲಿಲ್ಲ."

ಕೋಟಯ್ಯ ಜಗಲಿಯಿಂದಲೇ, "ಹೇಳು, ಹೇಳು," ಎಂದು ಮೊಮ್ಮಗಳನ್ನು ಹುರಿದುಂಬಿಸಿದ. ಸುಬ್ಬಾಯಮ್ಮ ಅವನನ್ನು ಬೈಯಲಿಲ್ಲ. ಹರವಿದ ಅಕ್ಕಿಯನ್ನೇ ಇನ್ನೊಂದು ಸಲ ಹರವಿದಳು. ಗಂಡ ಬದುಕಿದ್ದು ಮಗ ಹೋದ ತಾಯಿಯ ಹಣೆಯ ಕುಂಕುಮಕ್ಕೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಅದು ಅವಳಿಗೂ ಹೊಳೆಯದೆ ಇರಲಿಲ್ಲ. ಕೊನೆಗೆ, "ಹಾಕ್ಲಿ. ಹೆತ್ತೋಳು ಹಾಕದೆ ಇನ್ಯಾರು ಹಾಕ್ಬೇಕು? ಯಾವಳು ಏನಂತಾಳೋ ನಾನು ನೋಡ್ಕೋತೀನಿ," ಎಂದಳು. ಅಡುಗೆಮನೆಯಲ್ಲಿದ್ದ ಝಾನ್ಸಿಗೆ ಕೇಳಲಿ ಎಂದು ಇನ್ನೊಂದು ಸಲ ಜೋರಾಗಿ, "ಕೇಳಿಸ್ತೇನಮ್ಮ ಝಾನ್ಸಿ? ಮೊದಲ ಅಕ್ಷತೆ ನಿಂದೇ," ಎಂದಳು.

"ಸರಿ ಅತ್ತಯ್ಯ," ಎಂದಳು ಝಾನ್ಸಿ, ಬೆಲ್ಲದ ಪಾಕ ಕದಡುತ್ತಾ.

ಆ ದಿನ ಬೀದಿಗೆ ಶಾಮಿಯಾನ ಹಾಕಿಸಿದ್ದರು. ಬಾಳೆಕಂಬ, ಮಾವಿನ ತೋರಣ, ಕಬ್ಬಿಣದ ಕುರ್ಚಿಗಳು, ಮೂಲೆಯಲ್ಲಿ ಪುಳಿಯೋಗರೆಯ ಪಾತ್ರೆ. ಏಡುಕೊಂಡಲು ತಂದ ದಾವಣಿ ಗಿಳಿಹಸಿರು, ಅಂಚು ಕೆಂಪು. ಹಾಸಿನಿ ಮಣೆಯ ಮೇಲೆ ಕೂತಳು. ಒಂದೇ ಸಲಕ್ಕೆ ನಾಲ್ಕು ವರ್ಷ ದೊಡ್ಡವಳಾದ ಹಾಗೆ ಕಾಣುತ್ತಿದ್ದಳು. ಝಾನ್ಸಿ ಶಾಮಿಯಾನದ ಕೊನೆಯಲ್ಲಿ ಕುರ್ಚಿಯ ಮೇಲೆ ನಿಂತಿದ್ದಳು. ಯಾರೂ ಅವಳಿಗೆ ಅಲ್ಲಿ ನಿಲ್ಲು ಎಂದು ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಕುರ್ಚಿ ಹಾಕಿಕೊಂಡಿದ್ದು ಅವಳೇ.

ಸುಬ್ಬಾಯಮ್ಮ ಅಕ್ಷತೆಯ ತಟ್ಟೆ ಹಿಡಿದು ನಾಲ್ಕು ಜನರ ಎದುರಿಗೆ ಕೂಗಿ ಕರೆದಳು. "ಝಾನ್ಸಿ, ಬಾರಮ್ಮ. ಮೊದಲು ನೀನು."

ಜನ ತಿರುಗಿ ನೋಡಿದರು. ಏಡುಕೊಂಡಲು, "ಬಾ ಅಕ್ಕ," ಎಂದು ದಾರಿ ಬಿಡಿಸಿದ. ಒಬ್ಬಳು ಮುದುಕಿ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಸುಬ್ಬಾಯಮ್ಮ ಅವಳನ್ನು ದುರುಗುಟ್ಟಿ ನೋಡಿದ್ದಕ್ಕೆ ಅವಳೂ ತೆಪ್ಪಗಾದಳು. ಮಣೆಯವರೆಗೂ ದಾರಿ ತೆರೆದುಕೊಂಡಿತ್ತು. ತಡೆಯುವವರು ಈಗ ಒಬ್ಬರೂ ಇರಲಿಲ್ಲ.

ಝಾನ್ಸಿ ಕಣ್ಣಿನಿಂದ ಕ್ಯಾಮೆರಾ ತೆಗೆಯಲಿಲ್ಲ. "ನೀವು ಮುಂದುವರಿಸಿ ಅತ್ತಯ್ಯ," ಎಂದಳು. "ಇಲ್ಲಿಂದ ಚೆನ್ನಾಗಿ ಬರ್ತಿದೆ."

"ಅಯ್ಯೋ, ಫೋಟೋ ಹಾಳಾಗಿ ಹೋಗ್ಲಿ! ಬಾ ಅಂತಿದೀನಿ."

"ಜಾಗ ಬಿಟ್ರೆ ಇಲ್ಲಿಗೆ ಬೇರೆಯವರು ಬರ್ತಾರೆ. ನೀವು ಹಾಕಿ."

ಅವಳು ಮುನಿಸಿನಿಂದ ಹೇಳಿದ್ದಲ್ಲ. ಮುನಿಸಿದ್ದಿದ್ದರೆ ಸುಬ್ಬಾಯಮ್ಮ ಹೋಗಿ ಕೈ ಹಿಡಿದು ಎಳೆದು ತರುತ್ತಿದ್ದಳು. ಧ್ವನಿ ತೀರಾ ಸಮವಾಗಿತ್ತು, ಉಪ್ಪು ಸಾಕು ಎಂದು ಹೇಳುವ ಹಾಗೆ. ತಾನು ದುಡ್ಡು ಕೊಟ್ಟು ಕೊಡಿಸಿದ್ದು ಏನನ್ನು ಎಂದು ಸುಬ್ಬಾಯಮ್ಮನಿಗೆ ಆಗ ಅರ್ಥವಾಯಿತು. ಮೊದಲ ಅಕ್ಷತೆಯನ್ನು ತಾನೇ ಹಾಕಿದಳು. ಉಳಿದವರು ಹಾಕಿದರು. ಕೋಟಯ್ಯ ಎದ್ದು ಒಳಗೆ ಹೋಗಿಬಿಟ್ಟ.

ಹಾಸಿನಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮಣೆಯಿಂದ ಎದ್ದಳು. ಹಾಗೆ ನಡುವೆ ಏಳಬಾರದು, ಆದರೆ ಯಾರೂ ಕೂರು ಎನ್ನಲಿಲ್ಲ. ಲಂಗದ ನೆರಿಗೆ ಎತ್ತಿ ಹಿಡಿದು, ನೆತ್ತಿಯ ಮೇಲಿನ ಅಕ್ಕಿ ಉದುರಿಸುತ್ತಾ, ಕುರ್ಚಿಗಳ ನಡುವೆ ನಡೆದು ಅಮ್ಮನ ಹತ್ತಿರ ಬಂದಳು. ಕೈಯಲ್ಲಿ ಒಂದು ಹಿಡಿ ಅಕ್ಷತೆ ಇತ್ತು. ಝಾನ್ಸಿ ಕುರ್ಚಿಯಿಂದ ಇಳಿದು, ಬರುತ್ತಿರುವ ಮಗಳ ಫೋಟೋವನ್ನು ಬಂದ ಹಾಗೆಯೇ ತೆಗೆಯುತ್ತಾ ಹೋದಳು. ಕೊನೆಯ ಎರಡು ಹೆಜ್ಜೆಯಲ್ಲಿ ಚಿತ್ರ ಮಸುಕಾಯಿತು. ಉದ್ದ ಲೆನ್ಸಿನ ಗುಣವೇ ಅದು, ಮೂರು ಮೊಳಕ್ಕಿಂತ ಹತ್ತಿರ ಬಂದದ್ದನ್ನು ಅದು ಹಿಡಿಯಲಾರದು. ಕ್ಯಾಮೆರಾ ಗುರ್ ಗುರ್ ಎಂದು ಹುಡುಕಾಡಿತು. ಹಸಿರು, ಕೆಂಪು, ಅಷ್ಟೇ ಕಂಡಿತು.

"ಅಮ್ಮಾ, ಇಲ್ಲೇ ಹಾಕು," ಎಂದು ಹಾಸಿನಿ ಮುಷ್ಟಿ ಚಾಚಿದಳು.

"ಹಿಂದೆ ಹೋಗು ಪುಟ್ಟ," ಎಂದಳು ಝಾನ್ಸಿ. "ಇಷ್ಟು ಹತ್ತಿರ ಬಂದ್ರೆ ಕಾಣಲ್ಲ."

ಹುಡುಗಿ ನಿಂತಲ್ಲೇ ನಿಂತಳು.

"ಹೋಗಮ್ಮ. ಎರಡು ಹೆಜ್ಜೆ."

ಹಾಸಿನಿ ಒಂದು ಹೆಜ್ಜೆ ಹಿಂದಿಟ್ಟಳು, ಇನ್ನೊಂದು ಇಟ್ಟಳು. ಲೆನ್ಸು ಟಕ್ಕೆಂದು ಹಿಡಿಯಿತು. ಮುಖ ಸ್ಪಷ್ಟವಾಯಿತು. ಕೆಳತುಟಿ ಅದುರುತ್ತಿತ್ತು, ಎರಡೂ ಕಣ್ಣು ತುಂಬಿ ಹರಿಯುತ್ತಿದ್ದವು. ಮಗಳು ಯಾಕೆ ಅಳುತ್ತಿದ್ದಾಳೆಂದು ಝಾನ್ಸಿಗೆ ಹೊಳೆಯಲಿಲ್ಲ. ಬೆಳಕು ಚೆನ್ನಾಗಿತ್ತು. ಉಸಿರು ಬಿಗಿಹಿಡಿದು ಒತ್ತಿದಳು, ಇರಲಿ ಎಂದು ಇನ್ನೂ ಎರಡು ತೆಗೆದಳು.